ಹೊಳೆಯವರೆಗಿನ ಪದ

ನಾನೊಂದು ಕಾಲದಲ್ಲಿ ಗಾಯಕನಾಗಿದ್ದೆ ಎಂದರೆ ಈಗ ನಮ್ಮ ಮನೆಯಲ್ಲೇ ಯಾರೂ ನಂಬುವುದಿಲ್ಲ. ಬಚ್ಚಲಲ್ಲಿ ಸುಮ್ಮನೆ ಗುನುಗಿದರೂ ಮೊಮ್ಮಕ್ಕಳು ಬಾಗಿಲು ಬಡಿಯುತ್ತವೆ. ಆದರೆ ಎಪ್ಪತ್ತರ ದಶಕದಲ್ಲಿ ಮಂಡ್ಯದ ಸುತ್ತಮುತ್ತ ಗಣೇಶನನ್ನು ಕೂರಿಸಿದವರು ನಮ್ಮ ಆರ್ಕೆಸ್ಟ್ರಾ ಕರೆಸದೆ ಅವನನ್ನು ನೀರಿಗೆ ಬಿಡುತ್ತಿರಲಿಲ್ಲ. ಹಗಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಕ್ಕಳಿಗೆ ಯಾವ ಬೆರಳು ಎಲ್ಲಿಡಬೇಕೆಂದು ಹೇಳಿಕೊಡುವುದು, ಸಂಜೆಯಾದರೆ ಬೆಲ್‌ಬಾಟಮ್ ಏರಿಸಿ ಮೈಕು ಹಿಡಿಯುವುದು, ಇದು ನನ್ನ ದಿನಚರಿ. ಒಂದು ಅಕಾರ್ಡಿಯನ್, ಒಂದು ಜೊತೆ ಬೋಂಗೊ, ಐದು ತಂತಿಯ ಒಂದು ಗಿಟಾರು, ಇಷ್ಟೇ ನಮ್ಮ ಬಂಡವಾಳ. ಗಿಟಾರಿನ ಆರನೇ ತಂತಿ ಯಾವಾಗ ಹೋಯಿತೋ ಯಾರಿಗೂ ನೆನಪಿರಲಿಲ್ಲ. ಕೇಳುವವರೂ ಇರಲಿಲ್ಲ.

ಸಿನಿಮಾ ಹಾಡು ಎಷ್ಟು ಹಾಡಿದರೂ ಜನ ಕೊನೆಗೆ ಕೂಗುತ್ತಿದ್ದುದು ಒಂದೇ ಹಾಡಿಗೆ, ಬಾಗಿನದ ಪದಕ್ಕೆ. ಅದು ನಮ್ಮ ಕಡೆ ಗದ್ದೆಯಲ್ಲಿ ಹುಟ್ಟಿದ ಕಥೆಯ ಹಾಡು. ಹೊಳೆಯ ಒಂದು ದಡಕ್ಕೆ ಮದುವೆಯಾಗಿ ಹೋದ ತಂಗಿ, ಇನ್ನೊಂದು ದಡದಲ್ಲಿ ಅಣ್ಣ. ಗೌರಿ ಹಬ್ಬಕ್ಕೆ ಅಣ್ಣನಾದವನು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ತುಂಬಿ ಬಾಗಿನ ಕೊಟ್ಟು ಬರಬೇಕು. ತಂಗಿ ತಲೆಗೆ ಹೂ ಮುಡಿದು ದಡದಲ್ಲಿ ಕಾಯುತ್ತಾಳೆ. ಹೊಳೆ ಉಕ್ಕಿ ಬರುತ್ತದೆ. ‘ಆಚೆ ದಡದಾಗೆ ಅಣ್ಣಯ್ಯ, ಈಚೆ ದಡದಾಗೆ ನಾನು, ನಡುವೆ ತುಂಬವ್ಳೆ ಗಂಗಮ್ಮ’ ಎನ್ನುವ ತನಕ ಎಲ್ಲರ ಹಾಡೂ ಒಂದೇ. ಆಮೇಲೆ ಏನಾಯಿತು ಎನ್ನುವುದರಲ್ಲಿ ಮಾತ್ರ ಊರಿಗೊಂದು ಮತ, ಹಾಡುವವನಿಗೊಂದು ಹಠ.

ಮದ್ದೂರಿನಲ್ಲಿ ರೈಲು ಹತ್ತುತ್ತಿದ್ದ ತಂಬೂರಿಯವನ ಪ್ರಕಾರ ಗುರುವೊಬ್ಬರು ಬಂದು ಬೆತ್ತ ಬೀಸಿದರು, ಹೊಳೆ ಇಬ್ಭಾಗವಾಯಿತು. ಜನ ವಡೆ ಕಚ್ಚಿಕೊಂಡೇ ಕೈ ಮುಗಿಯುತ್ತಿದ್ದರು. ಮಂಡ್ಯ ಸ್ಟೇಷನ್ ಬರುವುದಕ್ಕೂ ಅಣ್ಣ ದಡ ಸೇರುವುದಕ್ಕೂ ಸರಿಹೋಗುವಂತೆ ಅವನು ಹಾಡನ್ನು ಎಳೆಯುತ್ತಿದ್ದ, ಇಲ್ಲವೇ ಓಡಿಸುತ್ತಿದ್ದ. ರೈಲು ಲೇಟಾದ ದಿನ ಗುರುಗಳು ಬೆತ್ತ ಹುಡುಕುವುದೇ ಅರ್ಧ ಗಂಟೆ.

ಮದ್ದೂರಿನ ನಾಟಕದ ಮೇಷ್ಟರದು ಇನ್ನೊಂದು ದಾರಿ. ಅವರ ನಾಟಕದಲ್ಲಿ ಅಣ್ಣ ಹೊಳೆಯಲ್ಲಿ ಮುಳುಗಿ ಸಾಯಬೇಕು, ಅದನ್ನು ನೋಡಿ ತಂಗಿ ಹಾರಬೇಕು. ಶಿವಪುರದಲ್ಲಿ ಒಮ್ಮೆ ನಾನೇ ಕಣ್ಣಾರೆ ನೋಡಿದೆ. ಅಣ್ಣ ಸಾಯುವಾಗ ಹಾಡಿದ ಹಾಡು ಜನಕ್ಕೆ ಬಹಳ ಹಿಡಿಸಿ ಒನ್ಸ್ ಮೋರ್ ಎಂದು ಕೂಗಿದರು. ಸತ್ತವನು ಎದ್ದು, ಜುಬ್ಬ ಕೊಡವಿಕೊಂಡು, ಮತ್ತೆ ದಡ ಹತ್ತಿ, ಮತ್ತೆ ಮುಳುಗಿದ. ಮೂರನೇ ಸಲವೂ ಕೂಗಿದಾಗ ತಂಗಿಯ ಪಾರ್ಟು ಮಾಡಿದ್ದವನು ಒಳಗಿನಿಂದ, ‘ಬೇಗ ಸಾಯ್ಲಾ, ನಾನೂ ಸಾಯ್ಬೇಕು’ ಎಂದು ಗದರಿದ್ದು ಮುಂದಿನ ಸಾಲಿಗೆಲ್ಲ ಕೇಳಿಸಿತು.

ನಮ್ಮೂರ ಕಡೆಯ ಮೇಷ್ಟರೊಬ್ಬರು ಕಾಲೇಜಿನ ಸಮಾರಂಭಗಳಲ್ಲಿ ಇದನ್ನೇ ಭಾವಗೀತೆ ಮಾಡಿ ಹಾಡುತ್ತಿದ್ದರು. ಅವರು ಬೇಳೆ ಬೆಲ್ಲವನ್ನೆಲ್ಲ ತೆಗೆದು ಬೆಳದಿಂಗಳು ಹಾಕಿದ್ದರು. ಹಾಡು ಐದು ನಿಮಿಷ, ಹೊಳೆ ಎಂದರೆ ಬದುಕು ಎಂಬ ವಿವರಣೆ ಅರ್ಧ ಗಂಟೆ. ಬ್ಯಾಂಡ್ ಸೆಟ್ಟಿನವರು ಮಾತೇ ಇಲ್ಲದೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಬಾರಿಸುತ್ತಿದ್ದರು. ಅವರಿಗೆ ಮುಂದಿನ ಮದುವೆಗೆ ಹೊತ್ತಾಗಿದ್ದರೆ ಅಳುತ್ತಿದ್ದ ಹೆಣ್ಣೂ ಆ ವೇಗಕ್ಕೆ ತಕ್ಕಂತೆ ಅಳಬೇಕಾಗುತ್ತಿತ್ತು.

ನಮ್ಮ ಆರ್ಕೆಸ್ಟ್ರಾದ ಅಣ್ಣ ಮಾತ್ರ ಈಜುತ್ತಿದ್ದ. ಮೊರವನ್ನು ತಲೆಯ ಮೇಲಿಟ್ಟುಕೊಂಡು ಧುಮುಕುತ್ತಿದ್ದ. ಬೋಂಗೊ ದಡಬಡ ಬಡಿಯುತ್ತಿತ್ತು, ನಾನು ಮೈಕಿಗೆ ಬಾಯಿ ಇಟ್ಟು ಉಸಿರು ಬಿಡುತ್ತಿದ್ದೆ, ಕೊನೆಗೆ ದಡ. ಶಿಳ್ಳೆಯೋ ಶಿಳ್ಳೆ. ಈಜಿನ ಸಾಲುಗಳನ್ನು ಕಟ್ಟಿದವನು ನಾನೇ. ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ಹೆಮ್ಮೆಯ ಅಡಿಯಲ್ಲಿ ಒಂದು ಮುಳ್ಳು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಈ ಪದವನ್ನು ನನ್ನ ಕಿವಿಗೆ ಹಾಕಿದವಳು ನನ್ನ ಅಕ್ಕ. ಅಮ್ಮ ಹೋದ ಮೇಲೆ ಕೆರಗೋಡಿನ ಮನೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವಳನ್ನು ಮಳವಳ್ಳಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಅಪ್ಪನೂ ಹೋದ ಮೇಲೆ ಅವಳಿಗೆ ತವರು ಎಂದರೆ ನಾನೊಬ್ಬನೇ. ಅಂಥ ನಾನು ಮೂರು ವರ್ಷದಿಂದ ಗೌರಿ ಬಾಗಿನ ತೆಗೆದುಕೊಂಡು ಹೋಗಿರಲಿಲ್ಲ. ಮೊದಲ ವರ್ಷ ಒಂದು ಕಾಗದ ಬರೆದೆ. ಆಮೇಲೆ ಅದೂ ಇಲ್ಲ. ಹಬ್ಬದ ದಿನ ಪ್ರಾಕ್ಟೀಸು, ಮಾರನೆಯ ದಿನದಿಂದ ಪೆಂಡಾಲು, ಇದು ನನ್ನ ನೆಪ. ಅಕ್ಕನ ಕಾಗದಗಳೂ ನಿಂತವು. ಇನ್ನೊಂದು ಗೌರಿ ತಪ್ಪಿದರೆ ಅವಳು ನನ್ನನ್ನು ಮನಸ್ಸಿನಿಂದಲೇ ತೆಗೆದುಹಾಕುತ್ತಾಳೆ ಎಂದು ನನಗೆ ಭಯವಿತ್ತು. ಭಯವಿತ್ತೇ ಹೊರತು ಕಾಲು ಮಾತ್ರ ಏಳುತ್ತಿರಲಿಲ್ಲ.

ಆ ವರ್ಷ ಮದ್ದೂರಿನ ಒಂದು ಪೆಂಡಾಲಿನವರು ನಮ್ಮನ್ನೂ ನಾಟಕದ ಮೇಷ್ಟರನ್ನೂ ಒಂದೇ ಸಂಜೆಗೆ ಕರೆದರು. ಬಾಗಿನದ ಪದ ಯಾರದು ಅಸಲಿ ಎಂದು ಅಲ್ಲೇ ತೀರ್ಮಾನವಾಗಬೇಕಂತೆ. ಅಕಾರ್ಡಿಯನ್ ನುಡಿಸುತ್ತಿದ್ದ ನಮ್ಮ ಯಜಮಾನರಿಗೆ ನಿದ್ದೆ ಹೋಯಿತು. ಗದ್ದೆಯ ಹೆಂಗಸರು ಹಾಡುವ ನಿಜವಾದ ಕೊನೆಯನ್ನು ಹಿಡಿದು ತಾ ಎಂದು ನನ್ನನ್ನು ಅಟ್ಟಿದರು. ಕೆರಗೋಡಿಗೆ ಹೋಗಿ ನಾಟಿ ಮಾಡುತ್ತಿದ್ದವರ ಬದುವಿನ ಮೇಲೆ ನಿಂತೆ. ಹೊಳೆಯ ತನಕ ಹಾಡಿದವರು ನನ್ನನ್ನು ಕಂಡದ್ದೇ ಬಾಯಿ ಮುಚ್ಚಿದರು.

‘ಮುಂದಕ್ಕೆ ಯೋಳ್ರವ್ವ’ ಎಂದೆ.

‘ಓಗ್ಲಾ, ಅದು ಮದ್ವೆ ಆದ ಎಂಗುಸ್ರು ಪದ. ಗಂಡುಸ್ರ ಮುಂದೆ ಯೋಳಂಗಿಲ್ಲ, ಮದ್ವೆ ಆಗ್ದಿರೋ ಎಣ್ಮಕ್ಕಳ ಮುಂದೂ ಯೋಳಂಗಿಲ್ಲ’ ಎಂದು ಒಬ್ಬಾಕೆ ಕೆಸರುಗೈ ಬೀಸಿದಳು.

ಆಗ ನನಗೆ ಅರ್ಥವಾಯಿತು. ಚಿಕ್ಕಂದಿನಲ್ಲಿ ನಮ್ಮ ಅಕ್ಕ ಹೊಳೆಯ ಸಾಲಿಗೆ ಬಂದು ಹಾಡು ನಿಲ್ಲಿಸುತ್ತಿದ್ದುದು ನನಗೆ ನಿದ್ದೆ ಬಂತೆಂದಲ್ಲ. ಮದುವೆಗೆ ಮುಂಚೆ ಅವಳಿಗೂ ಮುಂದಿನದು ಗೊತ್ತಿರಲಿಲ್ಲ. ತಂಬೂರಿಯವನು, ನಾಟಕದ ಮೇಷ್ಟರು, ಭಾವಗೀತೆಯವರು, ನಾನು, ನಾವೆಲ್ಲ ಅಮ್ಮಂದಿರಿಂದಲೋ ಅಕ್ಕಂದಿರಿಂದಲೋ ಹೊಳೆಯ ತನಕ ಕೇಳಿ, ಮುಂದೆ ನಮ್ಮ ನಮ್ಮ ಬುದ್ಧಿ ಓಡಿಸಿದವರು. ಈಗ ಅಕ್ಕನಿಗೆ ಮದುವೆಯಾಗಿದೆ, ಅವಳಿಗೆ ಗೊತ್ತಿರಲೇಬೇಕು. ಸರಿ, ಗೌರಿ ಹಬ್ಬದ ಬೆಳಿಗ್ಗೆಯೇ ಜೋಡಿ ಮೊರ ಕೊಂಡು, ಬಾಗಿನ ತುಂಬಿಸಿ, ಮಳವಳ್ಳಿ ಬಸ್ಸು ಹತ್ತಿದೆ. ನನ್ನ ತೊಡೆಯ ಮೇಲಿನ ಮೊರ ನೋಡಿ ಬಸ್ಸಿನ ಹೆಂಗಸರು ‘ಇದ್ರೆ ಇಂಥ ತಮ್ಮ ಇರ್ಬೇಕು’ ಎಂದು ಮಾತಾಡಿಕೊಂಡರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಅಕ್ಕನ ಅತ್ತೆ ಜಗುಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು. ನನ್ನನ್ನೂ ಮೊರವನ್ನೂ ನೋಡಿ ಅವರ ಕೈ ನಿಂತಿತು.

‘ಬಾರಪ್ಪ, ಚೆಂದಾಗಿದ್ದೀಯಾ? ಬಾಗ್ನ ನೆನ್ನೇನೆ ಬಂತಲ್ಲ, ಇನ್ನೊಂದ್ಯಾಕಪ್ಪ ತಂದೆ?’

ಒಳಗೆ ನೋಡಿದರೆ ಗೌರಿಯ ಮುಂದೆ ನಿಜವಾಗಿಯೂ ಒಂದು ಮೊರ ಕೂತಿತ್ತು. ಅರಿಶಿನ ಹಚ್ಚಿದ ಹೊಸ ಮೊರ, ಅಕ್ಕಿ, ಬೆಲ್ಲ, ಹಸಿರು ಬಳೆ, ಎಲ್ಲ ಕ್ರಮವಾಗಿ.

‘ನೆನ್ನೇನಾ? ಯಾರು, ನಾನಾ?’ ಎಂದುಬಿಟ್ಟೆ.

ಅಷ್ಟರಲ್ಲಿ ಅಕ್ಕ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು. ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

‘ಊ ಕಣತ್ತೆ, ಕಂಡಕ್ಟ್ರ ಕೈಲಿ ಕೊಟ್ಟು ಕಳ್ಸಿದ್ದ. ಓದ್ವರ್ಸ ಕಳ್ಸಿರ್ನಿಲ್ವ, ಅಂಗೇಯ. ಕಳ್ಸಿದ್ದು ಮರ್ತು ಇನ್ನೊಂದು ಎತ್ಕಂಡ್ ಬಂದವ್ನೆ. ಮೊದ್ಲಿಂದ್ಲೂವೆ ಇವನ್ಗೆ ಮರೆವು ಜಾಸ್ತಿ.’

‘ಹೌದು, ಮರೆತೆ’ ಎಂದೆ. ಅಷ್ಟು ನಿಜವಾದ ಮಾತನ್ನು ನಾನು ಆ ವರ್ಷ ಬೇರೆ ಆಡಿರಲಿಲ್ಲ.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೈ ತೊಳೆಯುತ್ತಾ ಅಕ್ಕ ಸಣ್ಣ ದನಿಯಲ್ಲಿ ಬೈದಳು. ‘ಬರೋನು ಒಂದ್ ಕಾಗ್ದ ಬರ್ದು ಬರ್ಬಾರ್ದೇನ್ಲಾ? ಈಗ ಸಿಕ್ಕಾಕಿಸ್ತಿದ್ದೆ.’

‘ಮೂರು ವರ್ಷವೂ ನೀನೇ ತುಂಬಿದ್ದಾ?’

‘ಇನ್ನೇನ್ ಮಾಡನೆ? ಬೀದಿಯೋರೆಲ್ಲ ತೌರಿಂದು ಬಂತಾ ಅಂತ ಕೇಳ್ತರೆ. ಬರ್ನಿಲ್ಲ ಅಂತ ಎಂಗನ್ಲಿ? ನಮ್ಮತ್ತೆಗೆ ಗೊತ್ತಾದ್ರೆ ನಿನ್ ಮರ್ವಾದೆ ಏನಾದದು?’

ಅವಳ ಮರ್ಯಾದೆಯಲ್ಲ, ನನ್ನ ಮರ್ಯಾದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆ ನಾಚಿಕೆಯಲ್ಲೇ ಬಾಯಿ ತಪ್ಪಿ, ಯಜಮಾನರು ಕಳಿಸಿದ ವಿಷಯ, ಮದ್ದೂರಿನ ಪಂದ್ಯ, ಪದದ ಕೊನೆ ಕೇಳಲು ಬಂದದ್ದು, ಎಲ್ಲ ಒದರಿಬಿಟ್ಟೆ. ಅಕ್ಕ ಕೈ ತೊಳೆಯುವುದನ್ನು ನಿಲ್ಲಿಸಿದಳು.

‘ಅಂಗಾರೆ ಬಾಗ್ನಕ್ಕೆ ಬರ್ನಿಲ್ಲ ನೀನು’ ಎಂದಳು.

ಅವಳು ಸೆರಗಿಗೆ ಕೈ ಒರೆಸಿಕೊಂಡು, ‘ಒಬ್ಬಟ್ಟು ಬೇಯಿಸ್ಬೇಕು’ ಎಂದು ಒಳಗೆ ಹೋದಳು. ಪದದ ಸುದ್ದಿಯನ್ನು ಮತ್ತೆ ಎತ್ತುವ ಧೈರ್ಯ ನನಗಾಗಲಿಲ್ಲ.

ಪೂಜೆಯಾಯಿತು. ಗೌರಿಯ ಮುಂದೆ ಎರಡು ಬಾಗಿನ ಕೂತವು. ಕುಂಕುಮಕ್ಕೆ ಬಂದ ಹೆಂಗಸರು ‘ಎಲ್ಡೆಲ್ಡು ಬಾಗ್ನ ಕಣವ್ವ ಇವ್ಳಿಗೆ, ತಮ್ಮ ಅಂದ್ರೆ ಇವ್ನು’ ಎಂದು ನನ್ನ ಕೆನ್ನೆ ಸವರಿ ಲಟಿಕೆ ತೆಗೆದರು. ಅಕ್ಕ ನಗುತ್ತಾ ಅವರಿಗೆಲ್ಲ ಅರಿಶಿನ ಕೊಟ್ಟಳು. ಅಷ್ಟು ಹೊಗಳಿಕೆಯನ್ನು ನಾನು ಯಾವ ವೇದಿಕೆಯ ಮೇಲೂ ಪಡೆದಿರಲಿಲ್ಲ.

ಊಟವಾದ ಮೇಲೆ ಅಕ್ಕ ಪಾತ್ರೆ ಬೆಳಗಲು ಹಿತ್ತಲಿಗೆ ಹೋದಳು. ಜಗುಲಿಯ ಮೇಲೆ ಅತ್ತೆ ಎಲೆಯಡಿಕೆ ಹಾಕಿಕೊಂಡು ನನ್ನ ಹತ್ತಿರ ಸರಿದರು.

‘ಮೊದಲ್ನೇ ವರ್ಸದ್ದೇ ನನ್ಗೆ ಗೊತ್ತು ಕಣಪ್ಪ’ ಎಂದರು. ‘ನಮ್ ಗದ್ದೆ ಅಕ್ಕಿ ಕಂಡ್ರೆ ನನ್ಗೆ ಗೊತ್ತಾಗಲ್ವ? ಅವ್ಳಿಗೆ ಯೋಳ್ಬ್ಯಾಡ. ಗುಟ್ಟಾಗೇ ಅದೆ ಅಂತ ಅವ್ಳು ಸಂತೋಸವಾಗವ್ಳೆ, ಇರ್ಲಿ ಬುಡು.’

ಅವರು ಹಿತ್ತಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

‘ಪದದ ಕೊನೆ ಬೇಕು ಅಂತಿದ್ಯಲ್ಲ, ಅಲ್ಲಿಂದ ಕೇಳುಸ್ತು. ಗಂಡುಸ್ರಿಗೆ ಯೋಳಂಗಿಲ್ಲ. ಆದ್ರೂ ಮೊರ ಎತ್ಕಂಡ್ ಬಂದಿದ್ದೀಯ, ಕೇಳು.’ ರಾಗವಿಲ್ಲದೆ, ಬ್ಯಾಟರಿ ಇಳಿದ ರೇಡಿಯೊದಂಥ ಸಣ್ಣ ಗಂಟಲಲ್ಲಿ ಹೇಳಿದರು: ‘ಅಕ್ಕಿಯ ನಾನೇ ಅಳೆದೇನು, ಬೆಲ್ಲವ ನಾನೇ ಇಟ್ಟೇನು, ಅಣ್ಣಯ್ಯ ಕಳಿಸವ್ನೆ ಕಣತ್ತೆ.’

ಅಷ್ಟೇ. ಬೆತ್ತವಿಲ್ಲ, ಸಾವಿಲ್ಲ, ಈಜಿಲ್ಲ. ಇಷ್ಟು ವರ್ಷ ಮೈಕು ಹಿಡಿದು ನಾವೆಲ್ಲ ಅಣ್ಣನನ್ನೇ ನೋಡುತ್ತಿದ್ದೆವು. ಈಚೆ ದಡದವಳು ಮನೆಗೆ ಹೋಗಿ ಏನು ಮಾಡಿದಳು ಎಂದು ಒಬ್ಬನೂ ಕೇಳಿರಲಿಲ್ಲ.

‘ನೀವೂ ಹೀಗೆ ತುಂಬಿಕೊಂಡಿದ್ದಿರಾ ಅವ್ವ?’

‘ಊ. ಎಷ್ಟೋ ವರ್ಸ.’

‘ನಿಮ್ಮಣ್ಣನಿಗೆ ಯಾವ ಹೊಳೆ ಅಡ್ಡ ಬಂದಿತ್ತು?’

ಅವರು ನಕ್ಕು, ಬೀದಿಯಾಚೆ ಗದ್ದೆ ಬಯಲಿನ ಕೊನೆಯಲ್ಲಿ ಕಾಣುತ್ತಿದ್ದ ತೆಂಗಿನ ಮರಗಳ ಕಡೆ ಕೈ ಮಾಡಿದರು. ‘ಅಗೋ, ಅದೇ ನಮ್ ತೌರು. ಬದು ಇಡ್ಕಂಡ್ ನಡುದ್ರೆ ಎಲೆಯಡಿಕೆ ಆಕ್ಕೊಳೋಷ್ಟ್ರಲ್ಲಿ ಬರ್ಬೋದು. ಒಳೆ ಗಿಳೆ ಏನೂ ಇಲ್ಲ ಕಣ್ಮಗ. ಅಣ್ಣ ಬರ್ನಿಲ್ಲ ಅನ್ನಕ್ಕೆ ಬಾಯಿ ಬರಲ್ಲ, ಅದುಕ್ಕೆ ಪದದಲ್ಲಿ ಒಳೆ ತಂದು ಆಕಿರೋರು ನಾವೇ.’

ಸಂಜೆಯ ಬಸ್ಸಿಗೆ ಅಕ್ಕ ನನ್ನ ಜೊತೆ ರಸ್ತೆಯ ತನಕ ನಡೆದು ಬಂದಳು. ಚೀಲದಲ್ಲಿ ನನಗೆ ಒಬ್ಬಟ್ಟು ಕಟ್ಟಿಕೊಟ್ಟಿದ್ದಳು. ದಾರಿಯುದ್ದಕ್ಕೂ ಎಮ್ಮೆ ಕರು ಹಾಕಿದ್ದು, ಭಾವನ ಮಂಡಿನೋವು, ಇದೇ ಮಾತು. ಬಸ್ಸಿನ ದೀಪ ದೂರದಲ್ಲಿ ಕಂಡಾಗ ನಾನು ಅವಳ ಕೈ ಹಿಡಿದು, ‘ಮುಂದಿನ ಗೌರಿಗೆ ಪದಕ್ಕಲ್ಲ, ಬಾಗಿನಕ್ಕೇ ಬತ್ತೀನಿ ಕಣಕ್ಕ’ ಎಂದೆ.

ಅಕ್ಕ ನನ್ನ ಅಂಗಿಯ ಕಾಲರು ಸರಿ ಮಾಡಿದಳು.

‘ಬಾ. ಬರದಿದ್ರೂ ಬಂದಿದ್ದ ಅಂತೀನಿ ಬುಡು’ ಎಂದಳು.