ಕೊತ್ತಗೆರೆಯ ನೀರಿನ ಕ್ಯಾನು

ಕೊತ್ತಗೆರೆಯ ನೀರು ಕೆಟ್ಟದ್ದಲ್ಲ ರೀ. ಕ್ಯಾನಿನ ಗುರುತು ಬದಲಾಯಿಸಿದ್ದು ನಾನು. ಹದಿನಾಲ್ಕು ವರ್ಷದಿಂದ ನಿಮಗೆ ಊಟ ಬಡಿಸುತ್ತಾ ಬಡಿಸುತ್ತಾ ಈ ಮಾತನ್ನು ನುಂಗಿಕೊಂಡಿದ್ದೇನೆ. ಇವತ್ತು ಬರೆದೇ ಹೇಳುತ್ತೇನೆ — ಬಾಯಲ್ಲಿ ಹೇಳಲು ಹೋದರೆ ನಿಮ್ಮ ಮುಖ ನೋಡಿ ಮಾತು ಮರೆಸಿಬಿಡುತ್ತೇನೆ, ನನ್ನ ಜಾಣತನ ನನಗೆ ಗೊತ್ತು.

ತೊಂಬತ್ನಾಲ್ಕರಲ್ಲಿ ನಾವು ಗುಬ್ಬಿಯ ಬಾಡಿಗೆ ಮನೆಯಲ್ಲಿದ್ದೆವು. ನಿಮಗೆ ವರ್ಗವಾಗುವುದಿತ್ತು, ತುಮಕೂರೋ ಕುಣಿಗಲ್ಲೋ, ಆರಿಸಿಕೊಳ್ಳಿ ಅಂದಿದ್ದರು. ನಿಮ್ಮ ಮನಸ್ಸೆಲ್ಲ ಕುಣಿಗಲ್ ಕಡೆಯ ಕೊತ್ತಗೆರೆಯ ಮೇಲೆ. ತಂಪು ಗಾಳಿ, ಹಿತ್ತಲಲ್ಲಿ ನಾಲ್ಕು ತೆಂಗು, ಒಂದು ಹಸು, ಸಂಜೆ ಹೊಲದ ಬದುವಿನ ಮೇಲೆ ನಡಿಗೆ — ದಿನಕ್ಕೆ ಹತ್ತು ಸಲ ಹೇಳುತ್ತಿದ್ದಿರಿ. ನನಗೆ ಬೇಕಿದ್ದದ್ದು ತುಮಕೂರಿನ ಉಪ್ಪಾರಹಳ್ಳಿ. ಬೀದಿಗೆ ಬಾಗಿಲಿರುವ ಒಂದು ಕೋಣೆ, ಅದರಲ್ಲಿ ನನ್ನ ಹೊಲಿಗೆ ಮೆಷಿನ್ನು, ಬ್ಲೌಸು ಹೊಲಿಸಲು ಬರುವ ಹೆಂಗಸರ ಮಾತು. ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಗಂಡನ ಆಸೆಗೆ ಅಡ್ಡ ಬಂದವಳು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ — ಆ ಊರಿನ ನೀರೇ ಬೇಡ ಅಂದುಬಿಟ್ಟರೆ ತಪ್ಪು ನನ್ನ ಮೇಲೆ ಬರುವುದಿಲ್ಲವಲ್ಲ.

ನೀರಿನ ಮಾತು ತೆಗೆದವರು ನಿಮ್ಮ ಅಕ್ಕ ಗಂಗಮ್ಮ. "ಊರು ಗೊತ್ತು ಮಾಡೋಕ್ ಮುಂಚೆ ನೀರು ನೋಡ್ಬೇಕು ಕಣೋ. ಎರಡೂರ್ ನೀರೂ ತಗಂಬಾ. ಯಾವ್ದ್ರಲ್ಲಿ ಬೇಳೆ ಮೆತ್ತಗೆ ಬೇಯ್ತದೋ ಅಲ್ಲಿಗೋಗು." ನೀವು ಎರಡು ಬಿಳಿ ಕ್ಯಾನು ತುಂಬಿಸಿ ತಂದಿರಿ. ಕೊತ್ತಗೆರೆಯದಕ್ಕೆ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದ್ದಿರಿ. ಅಕ್ಕ ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದರು, ನೀವು ಕೈಕಾಲು ತೊಳೆಯಲು ಹೋಗಿದ್ದಿರಿ. ಎರಡೂ ನೀರನ್ನು ಒಂದೊಂದು ಗುಟುಕು ಕುಡಿದು ನೋಡಿದೆ. ಕೊತ್ತಗೆರೆಯದು ಸಿಹಿ, ಉಪ್ಪಾರಹಳ್ಳಿಯ ಬೋರಿನದು ಗಡಸು, ನಾಲಿಗೆಗೇ ತಿಳಿಯಿತು. ಬಟ್ಟೆ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದೆ.

ಒಂದೇ ಅಳತೆಯ ಬೇಳೆ, ಎರಡು ಪಾತ್ರೆ. ಒಂದರಲ್ಲಿ ಕರಗಿತು, ಬಟ್ಟೆ ಕಟ್ಟಿದ ಕ್ಯಾನಿನ ನೀರಿನಲ್ಲಿ ಬೇಯದೆ ಹಾಗೇ ಉಳಿಯಿತು. ನೀವು ಒಂದು ಬೇಳೆ ಹಿಸುಕಿ ನೋಡಿ, "ಹೋಗ್ಲಿ ಬುಡು, ನಮ್ಗೆ ಆ ಊರು ಬರ್ದಿಲ್ಲ" ಅಂದಿರಿ. ಆಮೇಲೆ ಹಸುವಿನ ಮಾತು ಎತ್ತಲೇ ಇಲ್ಲ.

ಉಪ್ಪಾರಹಳ್ಳಿಯಲ್ಲಿ ನಾನು ಚೆನ್ನಾಗಿ ಬದುಕಿದೆ, ಅದನ್ನೂ ಮುಚ್ಚಿಡುವುದಿಲ್ಲ. ಬೇಳೆಗೆ ಸೋಡಾ ಹಾಕಿ, ಕುಕ್ಕರನ್ನು ಇನ್ನೆರಡು ಸಲ ಕೂಗಿಸಿ, ಇಲ್ಲಿಯ ನೀರೇ ಒಳ್ಳೆಯದೆಂದು ನಿಮ್ಮನ್ನು ನಂಬಿಸಿದೆ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ನೀವು ನೆಲದ ಮೇಲೆ ಹೊರಳಾಡಿದಿರಿ. ಡಾಕ್ಟರು ನೀರು ಹೆಚ್ಚು ಕುಡಿಯಿರಿ ಅಂದರು; ನಾನು ಅದೇ ನೀರನ್ನು ಚೊಂಬುಗಟ್ಟಲೆ ಕೊಟ್ಟೆ. ಕಲ್ಲಿಗೆ ಆ ನೀರೇ ಕಾರಣವೋ ಅಲ್ಲವೋ — ಕೇಳುವ ಧೈರ್ಯ ಬರಲಿಲ್ಲ.

ಮೊನ್ನೆ ಶೆಟ್ಟಿಹಳ್ಳಿಯಲ್ಲಿ ಸೈಟು ನೋಡಿ ಬಂದು, "ರಿಟೈರ್ ಆದ್ಮೇಲೂ ತುಮ್ಕೂರಲ್ಲೇ ಇರೋಣ ಕಣೇ, ಕೊತ್ತಗೆರೆ ನೀರು ಅವತ್ತೇ ನೋಡಿದ್ದಾಯ್ತಲ್ಲ" ಅಂದಿರಿ. ನನ್ನ ಸುಳ್ಳನ್ನು ನಂಬಿ ನೀವು ಮನೆ ಕಟ್ಟಲು ಹೊರಟಿದ್ದೀರಿ. ಅದಾಗಕೂಡದು.

ನಿನ್ನೆ ತವರಿಗೆ ಹೋಗುತ್ತೇನೆ ಅಂದದ್ದೂ ಸುಳ್ಳೇ — ಕೊತ್ತಗೆರೆಗೆ ಹೋಗಿದ್ದೆ. ಬಸ್ಸಿನಲ್ಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಅಡುಗೆಮನೆಯಲ್ಲಿದೆ, ಪಕ್ಕದಲ್ಲಿ ನಮ್ಮ ಮನೆಯ ನೀರು, ಒಂದು ಪಾವು ಬೇಳೆ. ನಾನು ಬೀದಿ ಕೋಣೆಯಲ್ಲಿ ಕೂತಿರುತ್ತೇನೆ. ಒಲೆ ನೀವೇ ಹಚ್ಚಿ, ನೀವೇ ಹಿಸುಕಿ ನೋಡಿ. ಬೈಯಬೇಕು ಅನ್ನಿಸಿದರೆ ಬೈಯಿರಿ, ತಡೆಯುವುದಿಲ್ಲ. ಕೊತ್ತಗೆರೆಗೇ ಹೋಗೋಣ ಅಂದರೆ ಲಾರಿಗೆ ಮೊದಲು ಹತ್ತುವುದು ನನ್ನ ಮೆಷಿನ್ನು. ಒಂದೇ ಕೇಳುತ್ತೇನೆ — ಆ ಹಸುವಿನ ಮಾತು ಮತ್ತೆ ಎತ್ತಿ ರೀ.