ಟೈ ಕಟ್ಟಿದವರು ಬೀರು ಹೊತ್ತರು

"ಅಣ್ಣ, ಬಿಡ್ಬೇಡಿ, ನಾವ್ ಹಿಡ್ಕೊಂಡ್ವಿ!"

ಚಿಕ್ಕಲಸಂದ್ರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಗೆ ಅಮ್ಮನ ಬೀರು ಹತ್ತಿಸುತ್ತಿದ್ದೆವು. ಕೆಳಗಿದ್ದ ಗೆಳೆಯ ಮಂಜನ ಕಾಲು ಜಾರಿ, ಬೀರು ಅವನ ಮೇಲೇ ವಾಲಿತ್ತು. ಬಗ್ಗಿ ನೋಡಿದರೆ ಟೈ ಕಟ್ಟಿ, ಹೆಸರಿನ ಬ್ಯಾಡ್ಜು ಹಾಕಿದ ಇಬ್ಬರು ಹುಡುಗರು ಅದಕ್ಕೆ ಹೆಗಲು ಕೊಟ್ಟಿದ್ದರು. ಮನೆಮನೆಗೆ ಹೋಗಿ ಧರ್ಮದ ಮಾತಾಡುವ ಮಾರ್ಮನ್ ಚರ್ಚಿನವರು. ಅರ್ಧ ಗಂಟೆ ಮುಂಚೆ ನಾನೇ ಬೈದು ಓಡಿಸಿದ್ದೆ.

ಬೀರು ಮೇಲೆ ಬಂತು. ಅಮ್ಮ ಕಾಫಿ ಕೊಟ್ಟರೆ ಇಬ್ಬರೂ ಬೇಡ ಎಂದರು. ಅಮ್ಮನ ಮುಖ ಸಣ್ಣದಾಯಿತು.

"ಬೇಜಾರ್ ಮಾಡ್ಕೋಬೇಡಿ ಅಮ್ಮ, ನಮ್ಮಲ್ಲಿ ಕಾಫಿ, ಟೀ ಕುಡಿಯಂಗಿಲ್ಲ. ಮಜ್ಜಿಗೆ ಇದ್ರೆ ಕೊಡಿ," ಎಂದ ಚಿಕ್ಕವನು. ಮೂರು ಲೋಟ ಕುಡಿದ.

"ಸಂಬಳ ಎಷ್ಟು ಗುರು?" ಎಂದೆ.

"ಸಂಬಳ ಇಲ್ಲಣ್ಣ, ಎರಡು ವರ್ಷ ಸೇವೆ. ಅಪ್ಪ ಬೇಡ ಅಂದ್ರು, ನಾನೇ ಹಟ ಮಾಡಿ ಬಂದೆ."

ಇವರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡಿದ್ದೆ. ಹತ್ತು ಮನೆಯಲ್ಲಿ ಬೈಸಿಕೊಂಡು ನಗುತ್ತಾ ಹನ್ನೊಂದನೇ ಬಾಗಿಲು ತಟ್ಟುವುದು ನನ್ನ ಕೈಯಲ್ಲಿ ಆಗದು. ಅವರ ಧರ್ಮ ನನಗೆ ಬೇಡ, ಆ ಹುಡುಗರು ಮಾತ್ರ ಇಷ್ಟವಾದರು. ಅಷ್ಟೇ, ಇನ್ನು ಹೇಳುವುದು ಏನೂ ಇಲ್ಲ.