ಹದಿಮೂರೇಳ್ಲ ಮತ್ತು ಗೂಡ್ಸ್ ಗಾಡಿ

ಹದಿಮೂರೇಳ್ಲ ಎಷ್ಟು ಎಂದು ಯಾರಾದರೂ ತಟ್ಟನೆ ಕೇಳಿದರೆ ನನಗೆ ಉತ್ತರ ಬರುವುದಿಲ್ಲ. ಹದಿಮೂರಾರ್ಲ ಎಪ್ಪತ್ತೆಂಟು ಎನ್ನುವುದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುತ್ತದೆ. ಹದಿಮೂರೆಂಟ್ಲ ನೂರನಾಲ್ಕು ಕೂಡ ಹಾಗೆಯೇ. ನಡುವಿನದೊಂದು ಮಾತ್ರ ಇಲ್ಲ. ಬೆರಳು ಮಡಿಸಿ ಕೂಡಿ ಹೇಳಬಲ್ಲೆ, ನಿಜ. ಆದರೆ ಮಗ್ಗಿ ಎಂದರೆ ಕೂಡಿ ಹೇಳುವುದಲ್ಲ. ಮನಸ್ಸನ್ನು ಕೇಳದೆ ನಾಲಿಗೆ ತಾನೇ ಹೇಳಿಕೊಂಡು ಹೋಗಬೇಕಾದದ್ದು. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಅಂಕಿಸಂಖ್ಯೆ ತಿದ್ದುತ್ತಲೇ ತಲೆ ನರೆಸಿಕೊಂಡವನು ನಾನು. ಈ ಸಂಗತಿ ಯಾರಿಗೂ ತಿಳಿಯದಂತೆ ನಿವೃತ್ತನಾದದ್ದೇ ನನ್ನ ದೊಡ್ಡ ಸಾಧನೆ.

ಕಾರಣ ನನಗೆ ಗೊತ್ತಿತ್ತು. ಯಶವಂತಪುರದಲ್ಲಿ ನಮ್ಮ ಶಾಲೆ ರೈಲು ಹಳಿಗೆ ಅಂಟಿಕೊಂಡಂತಿತ್ತು. ಊಟದ ಬಿಡುವಿಗೆ ಮುಂಚಿನ ಪಿರಿಯಡ್ಡಿನಲ್ಲಿ ಶಾರದಾ ಮಿಸ್ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳಿಸುತ್ತಿದ್ದರು. ಹದಿಮೂರಕ್ಕೆ ಬರುವ ಹೊತ್ತಿಗೆ ಗೂಡ್ಸ್ ಗಾಡಿ ಬರುತ್ತಿತ್ತು. ಮಿಸ್ ಬಲಗೈ ಎತ್ತುತ್ತಿದ್ದರು. ನಾವು ಬಾಯಿ ಮುಚ್ಚಿ ಕಿಟಕಿಯತ್ತ ತಿರುಗುತ್ತಿದ್ದೆವು. ಗಾಡಿ ಹೋದ ಮೇಲೆ ಕೈ ಇಳಿಯುತ್ತಿತ್ತು, ಮಗ್ಗಿ ಮುಂದುವರಿಯುತ್ತಿತ್ತು. ಎಲ್ಲಿಂದ ಎಂದರೆ, ಹದಿಮೂರೆಂಟ್ಲದಿಂದ.

ಇಷ್ಟು ವರ್ಷ ಗುಟ್ಟಾಗಿಯೇ ಇದ್ದ ಈ ತೂತು ಬಯಲಿಗೆ ಬರುವ ಪ್ರಸಂಗ ಈಚೆಗೆ ಎದುರಾಯಿತು. ಮಿಸ್ ಈಗ ವಿದ್ಯಾರಣ್ಯಪುರದಲ್ಲಿ ಮಗಳ ಜೊತೆ ಇದ್ದಾರೆ. ಅವರ ಹುಟ್ಟುಹಬ್ಬಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಸನ್ಮಾನ ಮಾಡುತ್ತೇವೆಂದಾಗ ಶಾಲು, ಹಾರ ಬೇಡವೇ ಬೇಡ ಎಂದರು. ಮಹಡಿ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಫೋನ್ ಬಂದ ಮೇಲೆ ಮಗ್ಗಿ ಯಾರ ತಲೆಯಲ್ಲೂ ಉಳಿದಿಲ್ಲ ಎಂದು ಅವರೊಡನೆ ವಾದ ಹೂಡಿದ್ದರಂತೆ. "ನನ್ನ ಸ್ಕೂಲ್ ಮಕ್ಕಳು ಈಗ್ಲೂ ಹೇಳ್ತಾರೆ, ಬಂದು ಕೇಳಿ" ಎಂದು ಮಿಸ್ ಸವಾಲು ಹಾಕಿಬಿಟ್ಟಿದ್ದರು. ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳಿ ಅವರ ಮಾತು ಉಳಿಸುವುದೇ ನಮ್ಮಿಂದ ಆಗಬೇಕಾದ ಸನ್ಮಾನ.

ಈಗ ನನ್ನ ತೂತು ನನ್ನೊಬ್ಬನದೋ ಎಲ್ಲರದೋ ಎಂದು ತಿಳಿಯಬೇಕಿತ್ತು. ರೈಲು ದಿನವೂ ಮಗ್ಗಿಯ ಒಂದೇ ಸಾಲಿಗೆ ಸರಿಯಾಗಿ ಬರುತ್ತಿತ್ತೆಂದು ವರದಿಗಾರನೊಬ್ಬ ಬರೆದಿದ್ದರೆ ಆ ಕಾಪಿಯನ್ನು ನಾನೇ ವಾಪಸು ಎಸೆಯುತ್ತಿದ್ದೆ. ಡೆಸ್ಕಿನ ನಿಯಮದಂತೆ ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳಲು ಹೊರಟೆ.

ಮೊದಲ ಮೂಲ, ಯಶವಂತಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ಮುನಿರಾಜು. ವ್ಯಾಪಾರದ ಹೊತ್ತಿನಲ್ಲಿ ಫೋನು ಮಾಡಿ ಮಗ್ಗಿ ಹೇಳು ಎಂದೆ.

"ಬೆಳಬೆಳಗ್ಗೆ ತಲೆ ಸರಿ ಐತೇನೋ ನಿಂಗೆ?" ಎಂದ. ಆದರೂ ಹೇಳಿದ. ಹನ್ನೆರಡರ ಮಗ್ಗಿ ನೀರು ಹರಿದಂತೆ ಬಂತು. ಹದಿಮೂರಾರ್ಲ ಎಪ್ಪತ್ತೆಂಟು ಎಂದವನೇ ನಿಂತ.

"ಇಲ್ಲಿ ಗೂಡ್ಸ್ ಬತ್ತಿತ್ತು ಕಣೋ," ಎಂದ. "ನಾನು ಡಬ್ಬಿ ಎಣಿಸ್ತಿದ್ನಲ್ಲ."

ಎರಡನೆಯ ಮೂಲ ಆರ್.ಟಿ. ನಗರದಲ್ಲಿ ಹೊಲಿಗೆ ಅಂಗಡಿ ನಡೆಸುವ ನಸ್ರೀನ್. ಮನೆಯಲ್ಲಿ ದಖ್ಖನಿ ಮಾತಾಡಿದರೂ ಬಟ್ಟೆಯ ಅಳತೆ ಹಾಕುವಾಗ ಅವಳ ಬಾಯಲ್ಲಿ ಬರುವುದು ಶಾರದಾ ಮಿಸ್ ಕನ್ನಡವೇ. ಹನ್ನೆರಡು ಅವಳಿಗೂ ಅಚ್ಚುಕಟ್ಟು, ನಿಂತದ್ದೂ ಅಲ್ಲಿಯೇ. ಗಾಡಿಯ ಕೊನೆಯಲ್ಲಿ ಗಾರ್ಡ್ ಹಸಿರು ಬಾವುಟ ಹಿಡಿದು ನಿಂತಿರುತ್ತಿದ್ದುದನ್ನು ಅವಳು ಮರೆತಿಲ್ಲ. "ಆಯಪ್ಪ ನಂಗೇ ಬೀಸ್ತಾನೆ ಅಂದ್ಕೊಂಡಿದ್ದೆ ಕಣೋ," ಎಂದು ನಕ್ಕಳು.

ಇದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ. ಒಳಗೆ ಬಂದದ್ದು ಹೊರಗೆ ಹೋದರೆ ಅದು ಮರೆವು. ಹದಿಮೂರೇಳ್ಲ ಒಳಗೆ ಬರಲೇ ಇಲ್ಲ; ಬಾಗಿಲು ತೆರೆಯಬೇಕಾದವನು ಕಿಟಕಿಯ ಹತ್ತಿರ ಹೋಗಿದ್ದ. ಅವಧಾನದ ಸಭೆಯಲ್ಲಿ ಗಮನ ಕೆಡಿಸಲೆಂದೇ ಒಬ್ಬರನ್ನು ಕೂರಿಸಿ, ಅವರ ಅಪ್ರಸ್ತುತ ಪ್ರಶ್ನೆಗಳಿಗೂ ಒಂದು ಗೌರವದ ಸ್ಥಾನ ಕೊಡುತ್ತಾರೆ. ಅವಧಾನಿಗಳು ಅದನ್ನೆಲ್ಲ ಸಂಭಾಳಿಸಿ ಬಿಟ್ಟ ಅಕ್ಷರಕ್ಕೇ ಮರಳುತ್ತಾರೆ. ನಮ್ಮ ತರಗತಿಯಲ್ಲಿ ಆ ಸ್ಥಾನ ಗೂಡ್ಸ್ ಗಾಡಿಯದು. ಅವಧಾನಿಗಳು ಮಾತ್ರ ಯಾರೂ ಇರಲಿಲ್ಲ. ಆದರೂ ಜಾಗ ಖಾಲಿ ಉಳಿಯಲಿಲ್ಲ ನೋಡಿ. ಮುನಿರಾಜುವಿನ ತಲೆಯಲ್ಲಿ ಅಲ್ಲಿ ಡಬ್ಬಿಗಳಿವೆ, ನಸ್ರೀನಳ ತಲೆಯಲ್ಲಿ ಹಸಿರು ಬಾವುಟವಿದೆ. ನನ್ನದರಲ್ಲಿ ಇರುವುದು ಮಿಸ್ ಎತ್ತಿದ ಕೈಯಲ್ಲಿ ಮೊಣಕೈವರೆಗೆ ಜಾರುತ್ತಿದ್ದ ಗಾಜಿನ ಬಳೆಗಳು. ಪಾಠ ಕೇಳದೆ ಇದ್ದಾಗ ಕಲಿತದ್ದು ಇಷ್ಟು ಗಟ್ಟಿಯಾಗಿ ಉಳಿಯುವುದಾದರೆ, ಕೇಳಿ ಕಲಿತದ್ದರ ಬಗ್ಗೆ ಜಂಬ ಪಡುವುದು ಕಷ್ಟ.

ಒಂದು ವಾರ ಮೂವರೂ ಫೋನಿನಲ್ಲಿ ಅಭ್ಯಾಸ ಮಾಡಿದೆವು. ಒಬ್ಬೊಬ್ಬರೇ ಹೇಳಿದಾಗ ಹದಿಮೂರೇಳ್ಲವೂ ಬಂತು. ಬಂದೇ ಬರುತ್ತದೆಂಬ ಧೈರ್ಯದಲ್ಲಿ ವಿದ್ಯಾರಣ್ಯಪುರಕ್ಕೆ ಹೋದೆವು.

ಕಿರಿದಾದ ಹಾಲ್. ಉಳಿದ ಸಹಪಾಠಿಗಳೂ ಬಂದಿದ್ದರು. ಮ್ಯಾನೇಜರ್ ಸಾಹೇಬರು ಪರೀಕ್ಷಕರಂತೆ ಕೈಕಟ್ಟಿ ಕುಳಿತಿದ್ದರು. ಎಲ್ಲರೂ ಒಟ್ಟಿಗೆ ಎರಡೊಂದ್ಲ ಎರಡು ಎಂದು ಶುರುಮಾಡಿದೆವು. ಹಳೆಯ ರಾಗವೇ ನಮ್ಮನ್ನು ಎಳೆದುಕೊಂಡು ಹೊರಟಿತು. ಹನ್ನೆರಡು ಮುಗಿಯುವಾಗ ಮಿಸ್ ಮ್ಯಾನೇಜರ್ ಕಡೆ ನೋಡಿ ಮುಗುಳ್ನಕ್ಕರು. ಹದಿಮೂರಾರ್ಲ ಎಪ್ಪತ್ತೆಂಟು ಎಂದೆವು. ಅಷ್ಟೇ. ಅಷ್ಟೂ ಗಂಟಲುಗಳು ಒಟ್ಟಿಗೆ ನಿಂತವು. ಅಭ್ಯಾಸ ಮಾಡಿದ್ದು ಯಾರ ನಾಲಿಗೆಗೂ ಬರಲಿಲ್ಲ. ಮ್ಯಾನೇಜರ್ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

ಮಿಸ್ ಗಾಬರಿಯಾಗಲಿಲ್ಲ. ನಿಧಾನವಾಗಿ ಬಲಗೈ ಎತ್ತಿದರು.

"ಇರಿ," ಎಂದರು ಅವರಿಗೆ. "ಗಾಡಿ ಹೋಗ್ಲಿ."

ಎಲ್ಲರ ಮುಖಗಳೂ ತಾವಾಗಿಯೇ ಕಿಟಕಿಯತ್ತ ತಿರುಗಿದವು. ಹೊರಗೆ ಮೂಲೆಯಲ್ಲಿ ಒಂದು ಸಿಟಿ ಬಸ್ಸು ತಿರುಗುತ್ತಿತ್ತು. ಅದು ಹೋಗುವವರೆಗೂ ಕಾದೆವು. ಕೈ ಇಳಿಯಿತು. ಹದಿಮೂರೆಂಟ್ಲ ನೂರನಾಲ್ಕು ಎಂದು ಸೂರು ಹಾರುವಂತೆ ಕೂಗಿ, ಇಪ್ಪತ್ತರವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಆಮೇಲೆ ಕೇಸರಿಬಾತ್ ತಿನ್ನುವಾಗ, ರೈಲು ಅದು ಹೇಗೆ ದಿನವೂ ಅಲ್ಲಿಗೇ ಸರಿಯಾಗಿ ಬರುತ್ತಿತ್ತೆಂದು ಮಿಸ್ಸನ್ನೇ ಕೇಳಿದೆ. ಮೊದಲು ಕೇಳಬೇಕಾಗಿದ್ದ ಮೂಲ ಅದು.

"ಗಂಟಲಿಗೆ ಒಂದ್ ಸ್ವಲ್ಪ ಬಿಡುವು ಬೇಕಿತ್ತು ಕಣ್ರೋ," ಎಂದರು. "ಗಾಡಿ ಲೇಟಾದ್ರೆ ಹನ್ನೆರಡನ್ನ ಇನ್ನೊಂದ್ ಸಲ ಹೇಳಿಸ್ತಿದ್ದೆ. ದೂರದಲ್ಲಿ ಗಾಡಿ ಸದ್ದು ಕೇಳ್ದೆ ಹದಿಮೂರಕ್ಕೆ ಹೋಗ್ತಾನೇ ಇರ್ಲಿಲ್ಲ."

ಮ್ಯಾನೇಜರ್ ಸಾಹೇಬರು ಸೋಲೊಪ್ಪಿಕೊಂಡರು. ಆದರೆ ನಡುವೆ ತಾವು ಒಂದು ಉತ್ತರವನ್ನು ಜೋರಾಗಿಯೇ ಹೇಳಿಕೊಟ್ಟದ್ದನ್ನು ಪತ್ರಕರ್ತನಾದ ನಾನು ದಾಖಲಿಸಬೇಕೆಂದರು. ಹೇಳಿರಬಹುದು. ನಾನು ಆಗ ಬಳೆಗಳನ್ನು ನೋಡುತ್ತಿದ್ದೆ.